ಪೀರ್ಲ ಹಬ್ಬ ಬಿಟ್ಟವರೆಲ್ಲ ಸಲಫಿಗಳಾ? ದಾವಣಗೆರೆ, ದುರ್ಗದ ಕಡೆಯವರು ಹೇಳಿ

ಜಗಳೂರು ಜೋಳ:
ನಮ್ಮೂರು ಜಗಳೂರು ತಾಲ್ಲೂಕಿನದು. ಊರ ಹೆಸರು ಬೇಡ. ಮುಸ್ಲಿಮರ ಮನೆ ಕೆಲವೇ ಇವೆ, ಎಲ್ಲರೂ ಪಿಂಜಾರರು. ಮನೆಯಲ್ಲಿ ಆಡೋದು ಕನ್ನಡವೇ. ಪೀರ್ಲ ಹಬ್ಬ, ಅಂದ್ರೆ ಮೊಹರಂ, ನಮ್ಮಲ್ಲಿ ಸಾಬರ ಹಬ್ಬ ಅಲ್ಲ, ಊರ ಹಬ್ಬ. ಬೆಂಕಿ ಹಾಕೋ ಅಲಾಯಿ ಕುಣಿಗೆ ಸೌದೆ ನಾಯಕರ ಹಟ್ಟಿಯಿಂದ ಬರುತ್ತದೆ. ಲಿಂಗಾಯತರ ಮನೆ ಹೆಂಗಸರು ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ. ಖತ್ತಲ್ ರಾತ್ರಿ, ಹಬ್ಬದ ದೊಡ್ಡ ರಾತ್ರಿ, ಯಾರೂ ಮಲಗಲ್ಲ.

ಪಂಜಾಗಳ (ಹಬ್ಬಕ್ಕೆ ಕೂರಿಸೋ ಲೋಹದ ಹಸ್ತಗಳ) ಪೆಟ್ಟಿಗೆಯ ಬೀಗದ ಕೈ ಒಂದೇ ಮನೆಯಲ್ಲಿ ಇರುತ್ತಿತ್ತು. ಈ ಸಲ ಹಬ್ಬಕ್ಕೆ ಮುಂಚೆ ಆ ಮನೆಯ ಮೊಮ್ಮಕ್ಕಳು ಬಂದು ಅದನ್ನು ಗೌಡರ ಕಟ್ಟೆ ಮೇಲೆ ಇಟ್ಟರು. "ನಾವಿನ್ನು ಪಂಜಾ ಕೂರಿಸಲ್ಲ, ನಮ್ಮ ದೀನ್‌ನಲ್ಲಿ ಇದಿಲ್ಲ. ನೀವು ಮಾಡ್ತೀವಿ ಅಂದ್ರೆ ನಮ್ಮ ಅಡ್ಡಿ ಇಲ್ಲ" ಅಂದರು. ಜಗಳ ಇಲ್ಲ, ಮರ್ಯಾದೆಯಿಂದಲೇ ಹೇಳಿದರು. ಅವರ ತಾತ ಮಾತ್ರ ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಕೊನೆಗೆ ಕುರುಬರ ಹುಡುಗರೇ ಪಂಜಾ ಹಿಡಿದರು. ಫಾತಿಹಾ (ಕುರ್‌ಆನಿನ ಪ್ರಾರ್ಥನೆ) ಓದೋರು ಯಾರೂ ಇಲ್ಲದೆ ಪಕ್ಕದೂರಿನಿಂದ ದರ್ಗಾ ನೋಡಿಕೊಳ್ಳೋ ಒಬ್ಬ ಮುಜಾವರ್‌ನ ಕರೆಸಿದರು.

ಈಗ ಊರಲ್ಲಿ "ಸಲಫಿಗಳು ಬಂದುಬಿಟ್ಟಿದ್ದಾರೆ" ಅನ್ನೋ ಮಾತು. ಹೇಳಿದವನು ಮೊಬೈಲಲ್ಲಿ ಯಾವುದೋ ವಿಡಿಯೋ ನೋಡಿದ್ದ, ಅಷ್ಟೇ. ಈ ಸಲಫಿಗಳು ಅಂದ್ರೆ ಯಾರು? ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ. ಬೈಯೋಕೆ ಅಂತಲೇ ಬರೋರು ದಯವಿಟ್ಟು ಬರಬೇಡಿ.

ಬೆಣ್ಣೆ ಖಾಲಿ:
ಬಿಡಿಸೋಕೇನಿದೆ ಸಾರ್. ಸೌದಿ ದುಡ್ಡು. ಗಡ್ಡ ಉದ್ದ, ಪ್ಯಾಂಟು ಗಿಡ್ಡ. ಎಲ್ಲ ಒಂದೇ.

ದುರ್ಗದ ಮೇಷ್ಟ್ರು:
ಒಂದೇ ಅಲ್ಲ. ಅದಕ್ಕೇ ಇಷ್ಟು ಉದ್ದ ಬರೆಯಬೇಕಾಗಿದೆ, ತಾಳ್ಮೆ ಇರೋರು ಓದಿ.

ಪ್ರವಾದಿಯ ಕಾಲದವರು, ಅವರ ನಂತರದ ಎರಡು ತಲೆಮಾರು, ಇವರನ್ನು ಸಲಫ್ ಅಂತಾರೆ. ಧರ್ಮ ಅವರ ಕಾಲದಲ್ಲಿ ಹೇಗಿತ್ತೋ ಹಾಗೇ ಇರಬೇಕು, ಆಮೇಲೆ ಸೇರಿಕೊಂಡದ್ದನ್ನೆಲ್ಲ ತೆಗೆಯಬೇಕು ಅನ್ನೋದು ಸಲಫಿಗಳ ವಾದ. ಗೋರಿಯ ಹತ್ತಿರ ಹರಕೆ ಹೊತ್ತರೆ ಶಿರ್ಕ್, ಅಂದರೆ ದೇವರಿಗೆ ಪಾಲುದಾರರನ್ನು ಮಾಡಿದಂತೆ. ಪ್ರವಾದಿ ಮಾಡದ ಆಚರಣೆಯನ್ನು ಧರ್ಮ ಅಂತ ಮಾಡಿದರೆ ಬಿದ್‌ಅತ್. ಇದಕ್ಕೆ ಹಳೆಯ ಬೇರು ಇದೆ. 9ನೇ ಶತಮಾನದ ಬಗ್ದಾದಿನ ಅಹ್ಮದ್ ಇಬ್ನ್ ಹಂಬಲ್, ಆಮೇಲೆ ಡಮಾಸ್ಕಸ್‌ನ ಇಬ್ನ್ ತೈಮಿಯ್ಯಾ (1263–1328).

18ನೇ ಶತಮಾನದಲ್ಲಿ ಅರೇಬಿಯಾದ ನಜ್ದ್ ಸೀಮೆಯ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್ ಇದನ್ನೇ ಹಿಡಿದು ಹೊರಟ. ಪ್ರವಾದಿಯ ಸಂಗಾತಿಯೊಬ್ಬರ ಗೋರಿ, ಹರಕೆಯ ಮರ ಎಲ್ಲವನ್ನೂ ಕೆಡವಿಸಿದ. 1744ರಲ್ಲಿ ದಿರಿಯ್ಯಾದ ಪಾಳೆಯಗಾರ ಮುಹಮ್ಮದ್ ಬಿನ್ ಸೌದ್ ಜೊತೆ ಒಪ್ಪಂದ ಆಯ್ತು. ಕತ್ತಿ ನಿನ್ನದು, ಧರ್ಮ ನನ್ನದು. ಇವತ್ತಿನ ಸೌದಿ ರಾಜಮನೆತನ ಆ ಸೌದ್‌ನ ವಂಶವೇ. ನಮ್ಮ ದುರ್ಗ ಹೈದರಾಲಿಯ ಕೈಗೆ ಬಿದ್ದ 1779ರಲ್ಲಿ ಇಬ್ನ್ ಅಬ್ದುಲ್ ವಹಾಬ್ ಇನ್ನೂ ಬದುಕಿದ್ದ, ಸತ್ತದ್ದು 1792ರಲ್ಲಿ. ಆದರೆ ಹೈದರ್, ಟಿಪ್ಪು ಕಾಲದ ಇಲ್ಲಿನ ಇಸ್ಲಾಂ ಬಹುಪಾಲು ಸೂಫಿ ಬಣ್ಣದ್ದು. ಟಿಪ್ಪುವಿನ ಹೆಸರೇ ಆರ್ಕಾಟಿನ ಟಿಪ್ಪು ಮಸ್ತಾನ್ ಔಲಿಯಾ ದರ್ಗಾದಿಂದ ಬಂದದ್ದು.

ನಮ್ಮ ದೇಶದಲ್ಲಿ ಇದಕ್ಕೆ ಹತ್ತಿರದವರು ಅಹ್ಲೆ ಹದೀಸ್. 19ನೇ ಶತಮಾನದಲ್ಲಿ ದೆಹಲಿಯ ನಜೀರ್ ಹುಸೇನ್, ಭೋಪಾಲದ ಬೇಗಂ ಶಾಹಜಹಾನರ ಗಂಡ ಸಿದ್ದೀಕ್ ಹಸನ್ ಖಾನ್ ಇದನ್ನು ಕಟ್ಟಿದರು. ನಾಲ್ಕು ಮದ್‌ಹಬ್‌ಗಳಲ್ಲಿ (ಧರ್ಮಶಾಸ್ತ್ರದ ಪಂಥಗಳಲ್ಲಿ) ಯಾವುದನ್ನೂ ಕಣ್ಣುಮುಚ್ಚಿ ಹಿಂಬಾಲಿಸಲ್ಲ, ಕುರ್‌ಆನ್ ಮತ್ತು ಹದೀಸ್ (ಪ್ರವಾದಿಯ ನಡೆನುಡಿಗಳ ದಾಖಲೆ) ಮಾತ್ರ ಸಾಕು ಅಂತಾರೆ.

ಉಳಿದವರು ಬೇರೆ. ದೇವಬಂದ್ ಮದರಸಾ 1866ರದು, ಅವರು ಹನಫಿಗಳು, ಆ ನಾಲ್ಕು ಮದ್‌ಹಬ್‌ಗಳಲ್ಲಿ ಒಂದು. ಬರೇಲ್ವಿಗಳೂ ಹನಫಿಗಳೇ, ಆದರೆ ದರ್ಗಾ, ಮಿಲಾದ್ (ಪ್ರವಾದಿಯ ಹುಟ್ಟುಹಬ್ಬ), ಫಾತಿಹಾ ಎಲ್ಲ ಬೇಕು. ತಬ್ಲೀಗ್ ಜಮಾಅತ್ 1926ರ ಸುಮಾರಿಗೆ ಮೇವಾತದಲ್ಲಿ ಹುಟ್ಟಿದ್ದು, ದೇವಬಂದಿನ ಕುಡಿ. ಜಮಾಅತೆ ಇಸ್ಲಾಮಿ 1941ರಲ್ಲಿ ಮೌದೂದಿ ಕಟ್ಟಿದ್ದು, ಅದರ ಗಮನ ರಾಜ್ಯ, ರಾಜಕೀಯದ ಕಡೆ. ಪುನರುಜ್ಜೀವನ ಅನ್ನೋದು ಇವರೆಲ್ಲರ ಬಾಯಲ್ಲೂ ಇದೆ. ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗಲ್ಲ.

ಜಗಳೂರು ಜೋಳ ಅವರೇ, ಒಂದು ವಿಷಯ ವಿಚಾರಿಸಿ. ಆ ಹುಡುಗರು ಜಮಾತಿಗೆ, ಅಂದರೆ ಊರೂರು ಸುತ್ತಿ ಧರ್ಮ ಹೇಳೋ ತಂಡದ ಜೊತೆ, ಹೋಗಿದ್ದರಾ? ಮೂರು ದಿನ, ನಲವತ್ತು ದಿನ ಅಂತ ಹಾಸಿಗೆ ಸುತ್ತಿಕೊಂಡು?

ಜಗಳೂರು ಜೋಳ:
ಹೌದು ಮೇಷ್ಟ್ರೇ! ದೊಡ್ಡವನು ನಲವತ್ತು ದಿನಕ್ಕೆ ಹೋಗಿದ್ದ. ಗಡ್ಡ ಬಿಟ್ಟದ್ದೂ ಬಂದ ಮೇಲೆಯೇ.

ದುರ್ಗದ ಮೇಷ್ಟ್ರು:
ಹಾಗಾದರೆ ಅವರು ಸಲಫಿಗಳಲ್ಲ, ತಬ್ಲೀಗಿನವರು. ನಮ್ಮ ಎರಡೂ ಜಿಲ್ಲೆಯ ಹಳ್ಳಿಗಳಲ್ಲಿ ಪಂಜಾ ಕೂರಿಸೋದು ನಿಂತುಹೋಗಿದ್ದರೆ ಜಾಸ್ತಿ ಕಡೆ ಅದಕ್ಕೆ ಕಾರಣ ತಬ್ಲೀಗೇ ಅನ್ನೋದು ನನ್ನ ಅನುಭವ. ಸಲಫಿಗಳು ಇರೋದು ಪೇಟೆಯಲ್ಲಿ, ಅದೂ ಕಡಿಮೆ. ತಮಾಷೆ ನೋಡಿ, 2021ರ ಡಿಸೆಂಬರಿನಲ್ಲಿ ಸೌದಿಯ ಧಾರ್ಮಿಕ ಇಲಾಖೆ ಅಲ್ಲಿನ ಮಸೀದಿಗಳಿಗೆ ಒಂದು ಆದೇಶ ಕೊಟ್ಟಿತು. ಶುಕ್ರವಾರದ ಖುತ್ಬಾದಲ್ಲಿ (ಪ್ರವಚನದಲ್ಲಿ) ತಬ್ಲೀಗ್ ವಿರುದ್ಧ ಜನರನ್ನು ಎಚ್ಚರಿಸಿ ಅಂತ. ಸಲಫಿಗಳ ಪ್ರಕಾರ ತಬ್ಲೀಗಿನವರೇ ದಾರಿ ತಪ್ಪಿದವರು. ಇನ್ನು ಬರೇಲಿಯ ಅಹ್ಮದ್ ರಜಾ ಖಾನ್, ಫಾತಿಹಾ ಮಿಲಾದ್ ಎಲ್ಲ ಬೇಕು ಅಂದ ಮನುಷ್ಯ, ಅವರೂ ಮೊಹರಂನ ತಾಜಿಯಾ ಮೆರವಣಿಗೆಯನ್ನು ಒಪ್ಪಿರಲಿಲ್ಲ. ಪೀರ್ಲ ಹಬ್ಬಕ್ಕೆ ಇವರಲ್ಲಿ ಯಾವ ಕಡೆಯ ಮೌಲ್ವಿಯ ಬೆಂಬಲವೂ ಇಲ್ಲ. ಇಷ್ಟು ದಿನ ಅದನ್ನು ಉಳಿಸಿದ್ದು ಹಳ್ಳಿ ಜನ.

ಆಜಾದ್‌ನಗರದವನು:
ಮೇಷ್ಟ್ರು ಹೇಳಿದ್ದು ನಿಜ, ಆದ್ರೆ ಪೇಟೆಯಲ್ಲಿ ಕಡಿಮೆ ಅಂದ್ರಲ್ಲ, ನಮ್ಮ ಮನೆಯಲ್ಲೇ ಒಬ್ಬ ಇದ್ದಾನೆ. ನಾವು ಸುನ್ನಿಗಳು, ಅಂದ್ರೆ ಮೇಷ್ಟ್ರು ಹೇಳಿದ ಬರೇಲ್ವಿ ಕಡೆ. ಮಂಡಕ್ಕಿ ಭಟ್ಟಿ ಕೆಲಸ, ಅಪ್ಪನ ಕಾಲದಿಂದ. ನನ್ನ ತಮ್ಮ ಅಹ್ಲೆ ಹದೀಸ್ ಆಗಿ ಕೆಲವು ವರ್ಷ ಆಯ್ತು. ಅಮ್ಮ ತೀರಿಕೊಂಡ ಮೇಲೆ ವರ್ಷದ ಫಾತಿಹಾ ಇತ್ತು. ಅಮ್ಮನಿಗೆ ಇಷ್ಟ ಅಂತ ಖೀರು, ಪೂರಿ, ಒಂದು ತಟ್ಟೆ ಬಾಳೆಹಣ್ಣು ಇಟ್ಟು, ಊದುಬತ್ತಿ ಹಚ್ಚಿ, ಹಜರತ್ ಓದಿದರು. ತಮ್ಮ ಬಂದ. ಎಲ್ಲರ ಜೊತೆ ಕೂತ. ತಟ್ಟೆ ಅವನ ಮುಂದೆ ಬಂದಾಗ ಕೈ ಮಡಿಸಿಕೊಂಡ. "ಅಣ್ಣಾ, ಇದನ್ನೇ ನಾಳೆ ಸುಮ್ನೆ ಕೊಡು, ತಿಂತೀನಿ" ಅಂದ. ನನ್ನ ಅಕ್ಕ ಅಲ್ಲೇ ಅತ್ತುಬಿಟ್ಟಳು. ಅವನಿಗೂ ಕಣ್ಣಲ್ಲಿ ನೀರು ಬಂತು, ಆದ್ರೆ ತಿನ್ನಲಿಲ್ಲ.

ನಮ್ಮವರು ಅವನಿಗೆ ವಹಾಬಿ (ಇಬ್ನ್ ಅಬ್ದುಲ್ ವಹಾಬ್ ಕಡೆಯವನು) ಅಂತಾರೆ. ಅವನ ಜೊತೆಯವರು ನಮಗೆ ಕಬರ್ (ಗೋರಿ) ಪೂಜೆಯವರು ಅಂತಾರೆ. ಹೆಣ್ಣು ಕೊಡುವಾಗ ಮೊದಲು ಕೇಳೋದೇ "ಯಾವ ಮಸೀದಿ?"

ಎರಡನೇ ಸಫ್:
ಅಸ್ಸಲಾಮು ಅಲೈಕುಂ. ನಾನು ಅಹ್ಲೆ ಹದೀಸ್. ಎಲ್ಲರೂ ನಮ್ಮ ಬಗ್ಗೆ ಮಾತಾಡ್ತಿದ್ದೀರಿ, ನಾನೂ ಸ್ವಲ್ಪ ಹೇಳ್ತೀನಿ.

ನಾನು ಬದಲಾದದ್ದು ಯಾರ ದುಡ್ಡಿಗೂ ಅಲ್ಲ. ನಮ್ಮ ಅಪ್ಪ ಆಟೋ ಓಡಿಸುತ್ತಿದ್ದರು. ತಾತ ಸತ್ತಾಗ ಮೂರನೇ ದಿನದ ಜಿಯಾರತ್, ಹತ್ತನೇ ದಿನ, ನಲವತ್ತನೇ ದಿನದ ಚಾಲೀಸ್ವಾ, ಎಲ್ಲದಕ್ಕೂ ಬಿರಿಯಾನಿ. ಬಡ್ಡಿ ಸಾಲ ತಂದರು. ಸತ್ತವರಿಗೆ ಪುಣ್ಯ ಅಂತ ಬದುಕಿದ್ದವರು ಬಡ್ಡಿ ಕಟ್ಟಿದೆವು. ಬಡ್ಡಿ ಹರಾಂ ಅನ್ನೋದು ಕುರ್‌ಆನಿನಲ್ಲಿ ಇದೆ, ಚಾಲೀಸ್ವಾ ಎಲ್ಲಿದೆ? ಇದನ್ನು ಒಬ್ಬ ಹಜರತ್‌ಗೆ ಕೇಳಿದೆ. "ದೊಡ್ಡವರು ಮಾಡಿಕೊಂಡು ಬಂದಿದ್ದು, ಪ್ರಶ್ನೆ ಕೇಳಬಾರದು" ಅಂದರು. ಅವತ್ತೇ ಕುರ್‌ಆನಿನ ಕನ್ನಡ ಅನುವಾದ ಹುಡುಕಿಕೊಂಡು ಹೋದೆ. ನನಗೆ ಉರ್ದು ಓದೋಕೆ ಬರಲ್ಲ, ಓದಿದ್ದು ಕನ್ನಡ ಮೀಡಿಯಂ. ಹದೀಸ್ ನಂಬರ್ ಕೊಟ್ಟು ಮಾತಾಡೋರು ಸಿಕ್ಕರು. ಪುಟ ತೆಗೆದು ನೋಡಬಹುದಿತ್ತು. ನನಗೆ ಅದು ಹಿಡಿಸಿತು.

ನನ್ನ ಮದುವೆಯಲ್ಲಿ ಜೋಡೆಯ ದುಡ್ಡು (ವರದಕ್ಷಿಣೆ) ಇಲ್ಲ, ಬೈಕ್ ಇಲ್ಲ, ಹಳದಿ ಮೆಹಂದಿ ಖರ್ಚು ಇಲ್ಲ. ಮಸೀದಿಯಲ್ಲಿ ನಿಕಾಹ್, ಮಾರನೇ ದಿನ ವಲೀಮಾ ಊಟ. ಮಾವ ಸಾಲ ಮಾಡಲಿಲ್ಲ. ನಮಾಜಿನಲ್ಲಿ ರುಕೂಗೆ (ಬಾಗೋದಕ್ಕೆ) ಹೋಗುವಾಗ ಕೈ ಎತ್ತುತ್ತೇವೆ, ಆಮೀನ್ ಜೋರಾಗಿ ಹೇಳ್ತೇವೆ, ರಂಜಾನ್ ರಾತ್ರಿಯ ತರಾವೀಹ್ ನಮಾಜ್ 8 ರಕಾಅತ್ (ಸುತ್ತು) ಓದ್ತೇವೆ, ನೀವು 20 ಓದ್ತೀರಿ. ಇಷ್ಟಕ್ಕೆ ಹಿಂದೆ ಒಂದು ಮಸೀದಿಯಿಂದ ನನ್ನನ್ನು ಹೊರಗೆ ಕಳಿಸಿದ್ದಾರೆ. ನಾವು ನಿಂತ ಜಾಗ ತೊಳೆದರು.

ಕಡಲ ಕಡೆಯವಳು:
ರುಕೂನಲ್ಲಿ ಕೈ ಎತ್ತಿದವರೆಲ್ಲ ಸಲಫಿ ಅಂದ್ಕೋಬೇಡಿ ಮತ್ತೆ. ನಾವು ಬ್ಯಾರಿಗಳು, ಶಾಫಿ ಮದ್‌ಹಬ್, ನಾವೂ ಎತ್ತುತ್ತೇವೆ. ಮದುವೆಯಾಗಿ ದಾವಣಗೆರೆಗೆ ಬಂದ ಹೊಸದರಲ್ಲಿ ನಮ್ಮ ಅತ್ತೆಯ ನೆರೆಯವರು ನನ್ನ ನಮಾಜ್ ನೋಡಿ ಗುಸುಗುಸು ಮಾಡಿದ್ದರು.

ಕೇರಳದ ಕಥೆ ಸ್ವಲ್ಪ ಹೇಳಬೇಕು, ಯಾಕಂದ್ರೆ ಅಲ್ಲಿ ಸಲಫಿಗಳ ಮುಖ ಬೇರೆ. ಅಲ್ಲಿ ಅವರನ್ನು ಮುಜಾಹಿದ್ ಅಂತಾರೆ. ಹೆಸರು ಕೇಳಿ ಹೆದರಬೇಡಿ, ಶಾಲೆ ಕಟ್ಟಿದವರು. ಈಜಿಪ್ಟಿನಲ್ಲಿ ಮುಹಮ್ಮದ್ ಅಬ್ದುಹ್, ಅವರ ಶಿಷ್ಯ ರಶೀದ್ ರಿದಾ ಇದ್ದರಲ್ಲ, ರಿದಾ 1898ರಿಂದ ಕೈರೋದಲ್ಲಿ ಅಲ್ ಮನಾರ್ ಅನ್ನೋ ಪತ್ರಿಕೆ ತರುತ್ತಿದ್ದರು. ಅದನ್ನು ತಿರುವಾಂಕೂರಿನಲ್ಲಿ ಕೂತು ಓದುತ್ತಿದ್ದವರು ವಕ್ಕಂ ಮೌಲವಿ. ಅವರ ಪ್ರಭಾವದಲ್ಲಿ 1922ರಲ್ಲಿ ಕೊಡುಂಗಲ್ಲೂರಿನಲ್ಲಿ ಮುಸ್ಲಿಂ ಐಕ್ಯ ಸಂಘ ಶುರುವಾಯ್ತು, 1950ರಲ್ಲಿ ಕೇರಳ ನದ್ವತುಲ್ ಮುಜಾಹಿದೀನ್. ಹುಡುಗಿಯರು ಓದಬೇಕು, ಇಂಗ್ಲಿಷ್ ಕಲಿಯಬೇಕು, ಹೆಂಗಸರು ಮಸೀದಿಗೆ ಬರಬೇಕು, ಖುತ್ಬಾ ಮಲಯಾಳಂನಲ್ಲಿ ಇರಬೇಕು ಅಂದವರು ಅವರೇ. ಅದನ್ನು ವಿರೋಧಿಸಿ ಸಂಪ್ರದಾಯದವರು 1926ರಲ್ಲಿ ಸಮಸ್ತ ಅನ್ನೋ ಮೌಲ್ವಿಗಳ ಸಂಘಟನೆ ಕಟ್ಟಿದರು.

ಆಮೇಲೆ ಗಲ್ಫ್ ದುಡ್ಡು ಬಂತು, ಗಲ್ಫ್ ಪುಸ್ತಕ ಬಂತು. ಒಂದು ಗುಂಪು ಸಮಾಜ ಸುಧಾರಣೆ ಮುಖ್ಯ ಅಂತು, ಇನ್ನೊಂದು ಗುಂಪು ಸೌದಿ ಥರ ಶುದ್ಧಿ ಮುಖ್ಯ ಅಂತು. 2002ರಲ್ಲಿ ಸಂಘಟನೆ ಒಡೆದೇ ಹೋಯ್ತು. ನನ್ನ ಅಜ್ಜಿ ಹೇಳ್ತಿದ್ದರು, ಮೊದಲಿನ ಮುಜಾಹಿದ್‌ಗಳು ಪುಸ್ತಕ ಹಿಡಿದು ಬರ್ತಿದ್ದರು, ಈಗಿನವರು ಅಳತೆಕೋಲು ಹಿಡಿದು ಬರ್ತಾರೆ ಅಂತ.

ಬೆಣ್ಣೆ ಖಾಲಿ:
ಅದೇ ಕೇರಳದಿಂದ 2016ರಲ್ಲಿ ಐಸಿಸ್ ಸೇರೋಕೆ ಅಫ್ಘಾನಿಸ್ತಾನಕ್ಕೆ ಹೋದರಲ್ಲ, ಕಾಸರಗೋಡಿನವರು? ಅದನ್ನು ಯಾಕೆ ಬಿಟ್ಟಿರಿ ಮೇಡಂ?

ಕಡಲ ಕಡೆಯವಳು:
ಬಿಡಲಿಲ್ಲ, ಬರ್ತಿದ್ದೆ. ಹೋದರು. ಹೆಂಡತಿ ಮಕ್ಕಳ ಸಮೇತ ಹೋದರು. ಅವರಲ್ಲಿ ಅತಿ ಶುದ್ಧಿಯ ಗುಂಪುಗಳ ಜೊತೆ ಓಡಾಡಿದವರಿದ್ದರು ಅನ್ನೋದೂ ನಿಜ. ಮುಜಾಹಿದ್ ಸಂಘಟನೆ ಐಸಿಸ್ ವಿರುದ್ಧ ಬಹಿರಂಗವಾಗಿ ಮಾತಾಡಿದ್ದೂ ನಿಜ. ಎರಡೂ ಒಟ್ಟಿಗೆ ಹೇಳಿದರೆ ನಿಮಗೆ ಒಂದೇ ಕಿವಿಗೆ ಬೀಳುತ್ತೆ.

ಮಾಡರೇಟರ್:
ವೈಯಕ್ತಿಕ ಮಾತು ಬೇಡ. ಊರಿನ ಯಾವುದೇ ಮಸೀದಿ, ಮದರಸಾ, ಮೌಲಾನಾ ಹೆಸರು ಹಾಕಿದರೆ ಕಾಮೆಂಟ್ ತೆಗೀತೀವಿ. ಎರಡು ತೆಗೆದಿದ್ದೇವೆ.

ದುರ್ಗದ ಮೇಷ್ಟ್ರು:
ಬೆಣ್ಣೆ ಖಾಲಿ ಕೇಳಿದ್ದು ಅಸಲಿ ಪ್ರಶ್ನೆ, ತಳ್ಳಿಹಾಕೋದು ಬೇಡ. ಈ ವಿಷಯ ಓದಿದವರು ಸಲಫಿಗಳನ್ನು ಸಾಮಾನ್ಯವಾಗಿ ಮೂರು ಥರ ಮಾಡ್ತಾರೆ. ನಂಬಿಕೆ ಮೂವರದೂ ಒಂದೇ, ಬೇರೆ ಆಗೋದು ರಾಜಕೀಯದಲ್ಲಿ.

ಮೊದಲನೆಯವರಿಗೆ ರಾಜಕೀಯವೇ ಬೇಡ. ದೊರೆ ಕೆಟ್ಟವನಾದರೂ ದಂಗೆ ಏಳಬಾರದು, ಸುಮ್ಮನೆ ನಮಾಜು, ಪಾಠ, ಶುದ್ಧಿ. ಜಗತ್ತಿನಲ್ಲಿ ಜಾಸ್ತಿ ಇರೋರು ಇವರೇ. ಡಮಾಸ್ಕಸ್‌ನಲ್ಲಿ ಗಡಿಯಾರ ರಿಪೇರಿ ಮಾಡಿಕೊಂಡು ಹದೀಸ್ ಜಾಲಾಡಿದ ಅಲ್ಬಾನಿ (1914–1999) ಇಂಥವರು. ಅಂಗಡಿ ಮುಚ್ಚಿ ಗ್ರಂಥಾಲಯಕ್ಕೆ ಹೋಗಿ ಕೂರುತ್ತಿದ್ದ ಮನುಷ್ಯ.

ಎರಡನೆಯವರು ಪಕ್ಷ ಕಟ್ಟುವವರು. 2011ರಲ್ಲಿ ಅಧ್ಯಕ್ಷ ಮುಬಾರಕ್ ಬಿದ್ದ ಮೇಲೆ ಈಜಿಪ್ಟಿನ ಸಲಫಿಗಳು ನೂರ್ ಪಕ್ಷ ಮಾಡಿದರು. ಅಲ್ಲಿವರೆಗೆ ಚುನಾವಣೆಯೇ ತಪ್ಪು ಅಂತಿದ್ದವರು! ಅವರ ಕೂಟ ಸಂಸತ್ತಿನಲ್ಲಿ ಹತ್ತಿರಹತ್ತಿರ ಕಾಲು ಭಾಗ ಸೀಟು ಗೆದ್ದು ಮುಸ್ಲಿಂ ಬ್ರದರ್‌ಹುಡ್ ನಂತರದ ಸ್ಥಾನಕ್ಕೆ ಬಂತು. 2013ರ ಜುಲೈನಲ್ಲಿ ಸೇನೆ ಬ್ರದರ್‌ಹುಡ್‌ನ ಅಧ್ಯಕ್ಷ ಮುರ್ಸಿಯನ್ನು ಇಳಿಸಿದಾಗ ಇದೇ ನೂರ್ ಪಕ್ಷ ಸೇನೆಯ ಪಕ್ಕ ನಿಂತಿತು. ನಮ್ಮ ರಾಜಕಾರಣಿಗಳಿಗೇನೂ ಕಡಿಮೆ ಇಲ್ಲ.

ಮೂರನೆಯವರು ಬಂದೂಕಿನವರು. ಅಲ್ ಖೈದಾ, ಐಸಿಸ್. 2012ರಲ್ಲಿ ಮಾಲಿ ದೇಶದ ಟಿಂಬಕ್ಟುನಲ್ಲಿ ಸೂಫಿಗಳ ಗೋರಿಗಳನ್ನು ಗುದ್ದಲಿ ಹಿಡಿದು ಒಡೆದರು. 2017ರ ಫೆಬ್ರವರಿಯಲ್ಲಿ ಸಿಂಧ್‌ನ ಸೇಹ್ವಾನ್‌ನಲ್ಲಿ ಲಾಲ್ ಶಹಬಾಜ್ ಖಲಂದರ್ ದರ್ಗಾದೊಳಗೆ ಬಾಂಬ್ ಸಿಡಿಸಿದರು. ಸತ್ತವರು ಮುಸ್ಲಿಮರೇ. ಮೊದಲನೇ ಥರದವರು ಇವರನ್ನು ಖವಾರಿಜ್, ಅಂದರೆ ಧರ್ಮ ಮೀರಿದ ದಂಗೆಕೋರರು, ಅಂತ ಬೈಯುತ್ತಾರೆ. ಆದರೆ "ಗೋರಿಗೆ ಕೈ ಮುಗಿದವನು ಮುಸ್ಲಿಮನೇ ಅಲ್ಲ" ಅನ್ನೋ ಮಾತು ಇಬ್ಬರ ಬಾಯಲ್ಲೂ ಬರುತ್ತದೆ. ಅದನ್ನು ಹೇಳುವ ಮೊದಲನೇ ಥರದವರಿಗೆ ನನ್ನ ತಕರಾರು ಇರೋದೇ ಅಲ್ಲಿ. ಎರಡನೇ ಸಫ್ ಅವರು ಏನಂತಾರೆ?

ಎರಡನೇ ಸಫ್:
ಮಾಡೋ ಕೆಲಸ ಶಿರ್ಕ್ ಅಂತೀನಿ. ಮಾಡೋ ಮನುಷ್ಯನನ್ನು ಕಾಫಿರ್ ಅನ್ನೋದು ನನ್ನ ಕೆಲಸ ಅಲ್ಲ. ನಮ್ಮಲ್ಲಿ ಹಾಗೆ ಅನ್ನೋ ಹುಡುಗರು ಇದ್ದಾರೆ, ಇಲ್ಲ ಅನ್ನಲ್ಲ. ಯೂಟ್ಯೂಬಿನಲ್ಲಿ ನಾಲ್ಕು ಕ್ಲಿಪ್ ನೋಡಿ ಮುಫ್ತಿ ಆಗಿರೋರು.

ದಮ್ಮಾಮ್ ರಿಟರ್ನ್:
ಸೌದಿ ದುಡ್ಡು ಸೌದಿ ದುಡ್ಡು ಅಂತೀರಲ್ಲ, ನಾನು ಅಲ್ಲಿದ್ದವನು, ಹೇಳ್ತೀನಿ ಕೇಳಿ. ನಾನು ಎಸಿ ಮೆಕ್ಯಾನಿಕ್. ನಮ್ಮ ಕ್ಯಾಂಪಿಗೆ ಜಾಲಿಯಾತ್ ಆಫೀಸಿನವರು ಬರ್ತಿದ್ದರು. ಹೊರದೇಶದವರಿಗೆ ಧರ್ಮ ಹೇಳಿಕೊಡೋ ಆಫೀಸು ಅದು. ಶುಕ್ರವಾರ ಬಸ್ಸಲ್ಲಿ ಕರೆದುಕೊಂಡು ಹೋಗಿ ಉರ್ದುವಿನಲ್ಲಿ ಪಾಠ, ಆಮೇಲೆ ಕಬ್ಸಾ ಊಟ, ಕೈಗೆ ಪುಸ್ತಕ, ಸೀಡಿ. ಎಲ್ಲ ಫ್ರೀ. ರೂಮಲ್ಲಿ ಎಂಟು ಜನ ಇರೋ ಕಡೆ, ವಾರಕ್ಕೊಂದು ದಿನ ಯಾರಾದರೂ ಮರ್ಯಾದೆಯಿಂದ ಕೂರಿಸಿ ಊಟ ಹಾಕಿದರೆ ಯಾರು ಹೋಗಲ್ಲ? ನಾನು ರಜಕ್ಕೆ ಬರುವಾಗ ಟಿನ್ ಹಾಲಿನ ಪುಡಿ, ಟ್ಯಾಂಗ್ ಜೊತೆ ಆ ಪುಸ್ತಕಗಳನ್ನೂ ತಂದೆ. ಓದಿ ಮೊದಲ ವರ್ಷವೇ ಅಪ್ಪನ ಜೊತೆ ಜಗಳ ಆಯ್ತು. ಉರುಸಿನ ಚಂದಾ ವಿಷಯಕ್ಕೆ.

ಈಗ ಅಲ್ಲಿನ ಕಥೆ ಏನು? 2018ರಲ್ಲಿ ಥಿಯೇಟರ್ ತೆಗೆದರು, ಅದೇ ವರ್ಷ ಹೆಂಗಸರಿಗೆ ಡ್ರೈವಿಂಗ್. ರಿಯಾದಲ್ಲಿ ಸಂಗೀತ ಕಚೇರಿ. ಟಿವಿಯೇ ಹರಾಂ ಅಂತ ನಮಗೆ ಪಾಠ ಹೇಳಿದ ದೇಶ! ನಮ್ಮ ಮನೆಯಲ್ಲಿ ಆ ಪುಸ್ತಕಗಳು ಇನ್ನೂ ಅಟ್ಟದ ಮೇಲಿವೆ.

ದುರ್ಗದ ಮೇಷ್ಟ್ರು:
ಇದಕ್ಕೆ ಸ್ವಲ್ಪ ಇತಿಹಾಸ ಸೇರಿಸ್ತೀನಿ. ಮದೀನಾದ ಇಸ್ಲಾಮಿಕ್ ವಿಶ್ವವಿದ್ಯಾಲಯ ಶುರುವಾದದ್ದು 1961ರಲ್ಲಿ. ಹೊರದೇಶದ ಹುಡುಗರಿಗೆ ಫ್ರೀ ಸೀಟು, ಊಟ, ವಿಮಾನದ ಟಿಕೆಟ್ಟು. ಆಗ ಈಜಿಪ್ಟಿನ ನಾಸರ್ ಅರಬರನ್ನೆಲ್ಲ ಸಮಾಜವಾದದ ಕಡೆ ಎಳೆಯುತ್ತಿದ್ದ, ಸೌದಿಗೆ ಅದಕ್ಕೆ ಉತ್ತರ ಬೇಕಿತ್ತು. 1973ರಲ್ಲಿ ಎಣ್ಣೆ ಬೆಲೆ ಏರಿತು, ದುಡ್ಡು ಸುರಿಯಿತು. 1979ರ ನವೆಂಬರಿನಲ್ಲಿ ಜುಹೈಮಾನ್ ಅನ್ನೋನು ನೂರಾರು ಹುಡುಗರ ಜೊತೆ ಮಕ್ಕಾದ ಮಸೀದಿಯನ್ನೇ ಬಂದೂಕು ಹಿಡಿದು ವಶ ಮಾಡಿಕೊಂಡ. ರಾಜಮನೆತನ ಧರ್ಮಭ್ರಷ್ಟ ಆಗಿದೆ ಅಂತ. ಎರಡು ವಾರ ಹಿಡಿಯಿತು ಬಿಡಿಸಿಕೊಳ್ಳೋಕೆ. ಆಮೇಲೆ ದೊರೆಗಳು ಮೌಲ್ವಿಗಳನ್ನು ಸಮಾಧಾನ ಮಾಡಲು ಇನ್ನಷ್ಟು ಬಿಗಿ ಮಾಡಿದರು, ಹೊರಗೂ ಇನ್ನಷ್ಟು ಖರ್ಚು ಮಾಡಿದರು. ಅದೇ ವರ್ಷ ಇರಾನಿನಲ್ಲಿ ಖೊಮೇನಿ ಬಂದಿದ್ದ, ರಷ್ಯಾ ಅಫ್ಘಾನಿಸ್ತಾನಕ್ಕೆ ನುಗ್ಗಿತ್ತು. ರಾಜಕುಮಾರ ಮುಹಮ್ಮದ್ ಬಿನ್ ಸಲ್ಮಾನ್ 2018ರಲ್ಲಿ ಅಮೆರಿಕದ ಪತ್ರಿಕೆಯೊಂದಕ್ಕೆ ಹೇಳಿದ್ದು ಏನೆಂದರೆ, ಶೀತಲ ಸಮರದ ಕಾಲದಲ್ಲಿ ಪಶ್ಚಿಮದ ಮಿತ್ರರು ಕೇಳಿದ್ದಕ್ಕೇ ಹೊರದೇಶದ ಮಸೀದಿ, ಮದರಸಾಗಳಿಗೆ ದುಡ್ಡು ಹಾಕಿದೆವು ಅಂತ. ಪೂರ್ತಿ ಸತ್ಯ ಅಲ್ಲ, ಪೂರ್ತಿ ಸುಳ್ಳೂ ಅಲ್ಲ.

ಆದರೆ ಎರಡನೇ ಸಫ್ ಹೇಳಿದ ಬಡ್ಡಿಯ ಸಾಲ ರಿಯಾದಿನಿಂದ ಬಂದದ್ದಲ್ಲ. ದುಡ್ಡು ಪುಸ್ತಕವನ್ನು ಬಾಗಿಲಿಗೆ ತಂದುಕೊಡಬಹುದು, ಯಾವ ಮನೆಯವರು ತೆಗೆದು ಓದುತ್ತಾರೆ ಅನ್ನೋದು ಆ ಮನೆಯ ಕಥೆ.

ಆಜಾದ್‌ನಗರದವನು:
ಇನ್ನೊಂದು ಹೇಳ್ತೀನಿ. ಈದ್ ಮಿಲಾದ್‌ಗೆ ನಮ್ಮೂರಲ್ಲಿ ದೊಡ್ಡ ಮೆರವಣಿಗೆ. ಹಸಿರು ಬಾವುಟ, ಡಿಜೆ, ಕಟೌಟು. ಅದನ್ನು ನೋಡಿ ಹೊರಗಿನವರು "ನೋಡ್ರಿ ವಹಾಬಿಗಳ ಹಾವಳಿ" ಅಂತ ಫೇಸ್‌ಬುಕ್ಕಲ್ಲಿ ಹಾಕ್ತಾರೆ. ಅರೆ! ವಹಾಬಿಗಳು ಮಿಲಾದ್ ಮಾಡೋದೇ ಇಲ್ಲ. ನನ್ನ ತಮ್ಮ ಅವತ್ತು ಅಂಗಡಿ ತೆಗೆದು ವ್ಯಾಪಾರ ಮಾಡ್ತಾನೆ. ಡಿಜೆ ವಿಷಯದಲ್ಲಿ ಮಾತ್ರ ಅವನು ಹೇಳಿದ್ದು ಸರಿ. ಪ್ರವಾದಿಯ ಹುಟ್ಟಿದ ದಿನ ಸಿನಿಮಾ ಟ್ಯೂನಿಗೆ ಕುಣಿಯೋದು ಯಾವ ಸುನ್ನತ್?

ಟೀಚರಮ್ಮ:
ಇಷ್ಟು ಹೊತ್ತು ಓದಿದೆ. ಗಂಡಸರ ಜಗಳ ಚೆನ್ನಾಗಿದೆ. ಎರಡು ಮಾತು ನನ್ನದು.

ನಮ್ಮಮ್ಮ ಬೀಡಿ ಕಟ್ಟಿ ನನ್ನನ್ನು ಬಿಎಡ್ ಓದಿಸಿದವರು. ಸೀರೆ ಉಡುತ್ತಿದ್ದರು, ಸೆರಗು ತಲೆ ಮೇಲೆ. ಮೊರದಲ್ಲಿ ತೂಪ್ರಿ ಎಲೆ ಇಟ್ಟುಕೊಂಡು ಪಕ್ಕದ ಮನೆ ಲಿಂಗಾಯತರ ಅಜ್ಜಿ ಜೊತೆ ಕಟ್ಟೆ ಮೇಲೆ ಕೂರುತ್ತಿದ್ದರು. ನಾನು ಬುರ್ಖಾ ಹಾಕ್ತೀನಿ, ನನ್ನ ಮಗಳು ಮುಖವೂ ಮುಚ್ಚುತ್ತಾಳೆ, ನೀಟ್ ಕೋಚಿಂಗಿಗೆ ಹೋಗ್ತಾಳೆ. ಇದರಲ್ಲಿ ಎಷ್ಟು ಧರ್ಮ, ಎಷ್ಟು ಪೇಟೆ, ಎಷ್ಟು ಭಯ, ಎಷ್ಟು ಹಟ ಅಂತ ನನಗೇ ಬಿಡಿಸೋಕೆ ಆಗಲ್ಲ. 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ ಉಡುಪಿಯಿಂದ ದಾವಣಗೆರೆ, ಹರಿಹರಕ್ಕೂ ಬಂತು, ಕಾಲೇಜು ಮುಚ್ಚಿದರು. ಮಾರ್ಚ್ 15ಕ್ಕೆ ಹೈಕೋರ್ಟ್ ಹಿಜಾಬ್ ಧರ್ಮದ ಅತ್ಯಗತ್ಯ ಭಾಗ ಅಲ್ಲ ಅಂತು. ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಥರ ತೀರ್ಪು ಕೊಟ್ಟರು. ಅದುವರೆಗೆ ಸುಮ್ನೆ ದುಪಟ್ಟಾ ಹೊದೀತಿದ್ದ ನನ್ನ ಮಗಳು ಮುಖ ಮುಚ್ಚೋಕೆ ಶುರು ಮಾಡಿದ್ದು ಆ ವರ್ಷ. ಯಾವ ಸಲಫಿಯೂ ಅವಳಿಗೆ ಹೇಳಿಲ್ಲ. ಮೇಷ್ಟ್ರು ಹೇಳಿದ ಆ ಗಡಿಯಾರದ ಅಲ್ಬಾನಿ ಇದ್ದಾರಲ್ಲ, ಮುಖ ಮುಚ್ಚೋದು ಕಡ್ಡಾಯ ಅಲ್ಲ ಅಂತ ಬರೆದು ಸೌದಿ ಮೌಲ್ವಿಗಳ ಕೋಪಕ್ಕೆ ಸಿಕ್ಕಿದವರು. ಇದನ್ನು ಮಗಳಿಗೆ ಹೇಳಿದೆ. "ಅಮ್ಮಾ, ನನಗೆ ಅಲ್ಬಾನಿಯೂ ಬೇಡ, ಕೋರ್ಟೂ ಬೇಡ" ಅಂದಳು.

ಎರಡನೇ ಮಾತು ತಲಾಖ್. ಒಂದೇ ಉಸಿರಲ್ಲಿ ಮೂರು ಸಲ ಹೇಳಿದರೂ ಒಂದೇ ತಲಾಖ್ ಅಂತ ಅಹ್ಲೆ ಹದೀಸ್‌ನವರು ಮೊದಲಿಂದಲೂ ಹೇಳಿಕೊಂಡು ಬಂದಿದ್ದಾರೆ, ಇಬ್ನ್ ತೈಮಿಯ್ಯಾ ಹೇಳಿದ್ದೂ ಅದೇ. ಶಾಯರಾ ಬಾನೋ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖನ್ನು ರದ್ದು ಮಾಡಿದ್ದು 2017ರ ಆಗಸ್ಟ್ 22ಕ್ಕೆ, ಅದೂ 3–2ರಲ್ಲಿ. ನಮ್ಮ ಓಣಿಯಲ್ಲಿ ಅದಕ್ಕೂ ಮುಂಚೆ ಹಾಗೆ ಮನೆ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಹನಫಿ ಹಜರತ್ ಮುಗಿಯಿತು ಅಂದರೆ, ಅಹ್ಲೆ ಹದೀಸ್ ಮೌಲಾನಾ ಫತ್ವಾ ಬರೆದುಕೊಟ್ಟು ವಾಪಸ್ ಸಂಸಾರ ಮಾಡಿಸಿದ್ದುಂಟು. ಮೂಲಭೂತವಾದಿಗಳು ಅಂತ ಎಲ್ಲರೂ ಬೈಯೋರ ಹತ್ತಿರವೇ ಹೆಂಗಸರು ಕದ್ದು ಹೋಗುತ್ತಿದ್ದರು.

ವಾಪಸ್ ಹೋದ ಸಂಸಾರ ಚೆನ್ನಾಗಿತ್ತಾ ಅಂತ ಮಾತ್ರ ಯಾವ ಮೌಲಾನಾನೂ ಆಮೇಲೆ ಬಂದು ಕೇಳಲಿಲ್ಲ.

ಜಗಳೂರು ಜೋಳ:
ಇಷ್ಟೊಂದು ಒಳಗಿದೆ ಅಂತ ಗೊತ್ತಿರಲಿಲ್ಲ. ಮೇಷ್ಟ್ರೇ, ನಮ್ಮ ಕಡೆ ಇವರು ವೋಟು ಹಾಕೋದು, ರಾಜಕೀಯ ಮಾಡೋದು ಹೇಗೆ? ಬೇರೆ ಪಕ್ಷ ಕಟ್ತಾರಾ?

ದುರ್ಗದ ಮೇಷ್ಟ್ರು:
ಅಹ್ಲೆ ಹದೀಸ್‌ನವರ ಅಖಿಲ ಭಾರತ ಸಮ್ಮೇಳನ 1906ರಷ್ಟು ಹಳೆಯದು. ಪಕ್ಷ ಕಟ್ಟಲಿಲ್ಲ. 1912ರಲ್ಲಿ ಅಲ್ ಹಿಲಾಲ್ ಪತ್ರಿಕೆ ಶುರು ಮಾಡಿದ ಮೌಲಾನಾ ಆಜಾದ್ ಕೂಡ ರಶೀದ್ ರಿದಾನ ಅಲ್ ಮನಾರ್ ಓದಿದವರು, ಅವರು ಹೋದದ್ದು ಕಾಂಗ್ರೆಸ್‌ಗೆ. ಒಂದೇ ಪತ್ರಿಕೆ ಓದಿ ಒಬ್ಬರು ಕೇರಳದಲ್ಲಿ ಶಾಲೆ ಕಡೆ ಹೋದರು, ಒಬ್ಬರು ದೇಶದ ಮೊದಲ ಶಿಕ್ಷಣ ಮಂತ್ರಿ ಆದರು. ಈಜಿಪ್ಟಿನಲ್ಲಿ ಅದೇ ರಿದಾನ ಓದುಗ ಹಸನ್ ಅಲ್ ಬನ್ನಾ 1928ರಲ್ಲಿ ಬ್ರದರ್‌ಹುಡ್ ಕಟ್ಟಿದ.

ನಮ್ಮೂರ ಸಲಫಿಗಳು ವೋಟಿನ ದಿನ ಬೇರೆ ಮುಸ್ಲಿಮರು ಯಾರಿಗೆ ಹಾಕ್ತಾರೋ ಅವರಿಗೇ ಹಾಕ್ತಾರೆ. ಲೆಕ್ಕಾಚಾರ ವಾರ್ಡಿನದು, ಅಕೀದಾದ್ದಲ್ಲ (ಧರ್ಮದ ನಂಬಿಕೆಯದಲ್ಲ).

ಬೆಣ್ಣೆ ಖಾಲಿ:
ಮಿಲಾದ್ ವಿಷಯ ನನಗೆ ಗೊತ್ತಿರಲಿಲ್ಲ. ಆದ್ರೂ ಕೇಳ್ತೀನಿ, ಸಂತೇಬೆನ್ನೂರಲ್ಲಿ ಪುಷ್ಕರಣಿ ಪಕ್ಕ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನ್ ಕಾಲದ ಮಸೀದಿ ಇದೆ, ಎರಡೂ ಹಂಗೇ ನಿಂತಿವೆ. ಇವರ ಕೈಗೆ ಅಧಿಕಾರ ಸಿಕ್ಕರೆ ಪುಷ್ಕರಣಿ ಇರುತ್ತಾ?

ಎರಡನೇ ಸಫ್:
ಪುಷ್ಕರಣಿ ನಿಮ್ಮದು, ನಮಗೇನು ಕೆಲಸ ಅದರಲ್ಲಿ? ಬೇಸಿಗೆಯಲ್ಲಿ ನಾನೇ ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದೀನಿ. ಅಧಿಕಾರದ ಮಾತು ಬಿಡಿ, ನನ್ನ ರೇಷನ್ ಕಾರ್ಡ್ ತಿದ್ದಿಸೋಕೆ ಆಗಿಲ್ಲ ಇನ್ನೂ.

ಟೀಚರಮ್ಮ:
ಎರಡನೇ ಸಫ್ ಅವರಿಗೆ ಒಂದು ಪ್ರಶ್ನೆ. ಕುರ್‌ಆನಿನಲ್ಲಿ ಇದ್ದದ್ದು ಮಾತ್ರ ಮಾಡ್ತೀವಿ ಅಂದ್ರಿ. ಸೂರಾ ನಿಸಾ, 11ನೇ ಆಯತ್. ಮಗನಿಗೆ ಎರಡು ಪಾಲು, ಮಗಳಿಗೆ ಒಂದು ಪಾಲು. ಬರೇಲ್ವಿ, ದೇವಬಂದಿ, ಸಲಫಿ, ಯಾರಿಗೂ ಇದರಲ್ಲಿ ತಕರಾರಿಲ್ಲ. ರುಕೂನಲ್ಲಿ ಕೈ ಎತ್ತೋಕೆ ಇಷ್ಟು ಜಗಳ ಆಡಿದ್ದೀರಿ. ಅಕ್ಕತಂಗಿಯರ ಪಾಲಿನ ಬಗ್ಗೆ ಜುಮಾದಲ್ಲಿ ಖುತ್ಬಾ ಆದದ್ದು ನಾನು ಕೇಳಿಯೇ ಇಲ್ಲ. ನಿಮ್ಮ ಅಕ್ಕನಿಗೆ ಕೊಟ್ರಾ?

ಎರಡನೇ ಸಫ್:
ಅಪ್ಪ ಇನ್ನೂ ಇದ್ದಾರೆ ಮೇಡಂ. ಮನೆ ಅವರ ಹೆಸರಲ್ಲಿದೆ. ಪಾಲು ಬಂದಾಗ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಅಕ್ಕನಿಗೆ ಹೇಳಿದ್ದೀನಿ.

ಟೀಚರಮ್ಮ:
ಹೇಳೋದು ಎಲ್ಲರೂ ಹೇಳ್ತಾರೆ. ನಮ್ಮಣ್ಣನೂ ಹೇಳಿದ್ದ. ಅಪ್ಪ ಇರುವಾಗಲೇ ಛಾಪಾ ಕಾಗದದ ಮೇಲೆ ಬರೆಸಿ, ಅವರ 1 ಪಾಲು, ನಿಮ್ಮ 2 ಪಾಲು, ಸಾಕ್ಷಿ ಹಾಕಿಸಿ ಇಡಿ.

ಎರಡನೇ ಸಫ್:
ಸರಿ. ಭಾನುವಾರ ಅಕ್ಕ ಮನೆಗೆ ಬರ್ತಾಳೆ, ಅಪ್ಪನ ಮುಂದೆ ಮಾತಾಡ್ತೀನಿ.

ಆಜಾದ್‌ನಗರದವನು:
ಮೇಡಂ, ಆ ಕಾಗದದ ನಮೂನೆ ಇದ್ರೆ ಇಲ್ಲಿ ಹಾಕಿ. ನಮ್ಮದೂ ಮೂರು ಜನ ಅಕ್ಕಂದಿರು.